ಹಾಜರ್

"ಹೆಸರೇನವಾ?" ಅಂದೆ.
"ಹಾಜರ್" ಅಂದ್ಲು.
ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಹಿಡದು
ಹೆಸರು ಕೂಗಿದ ಬಾಯಿ ನಂದು.
ನಾ ಕೂಗೂದರಾಗ ಉತ್ತರ ಬಂದದ್ದು ಇದಽ ಮೊದಲು.
ನಗಿ ತಡಕೊಂಡು ಮ್ಯಾಲಿನ ಖೋಲಿ ಕೀಲಿ ಕೊಟ್ಟೆ.

ಮಲೇಶಿಯಾದಾಕಿ. ಬೆಳಗಾವಿಗೆ ಡಾಕ್ಟರಕಿ ಕಲಿಯಾಕ ಬಂದಾಕಿ.
ಜೂನಿನ ಜಿಟಿಜಿಟಿ ಮಳಿ.
ಆಟೋದಾಂವ ಮೂರು ಚೀಲ ಇಳಿಸಿ
ನಾಕನೇದಕ್ಕ ಕೈ ಹಚ್ಚಿ ಉಸಿರು ಬಿಟ್ಟ:
"ಏನೈತಿ ತಂಗಿ ಇದರಾಗ, ಗುಡಿ ಕಟ್ಟಾಕ ಹೊಂಟೀಯೇನು?"

ಬಿಚ್ಚಿದ್ರ, ಖರೇನ ಕಲ್ಲು.
ಹಳೇ ಟಾವೆಲ್ಲಿನಾಗ ಕೂಸಿನಂಗ ಸುತ್ತಿದ್ದ
ಕರೇ ಕಲ್ಲಿನ ಖಲಬತ್ತ.
ವಿಮಾನದಾಗ ಅದರ ತೂಕಕ್ಕ ದಂಡಾ ಕಟ್ಯಾಳಂತ.
"ನಮ್ಮೂರಾಗ ಕಲ್ಲಿಗೂ ಬರ ಬಂದೈತೇನು?" ಅಂದೆ.
ಆಕಿ ಇಂಗ್ಲಿಷ್ ಬ್ಯಾರೆ, ನನ್ನ ಇಂಗ್ಲಿಷ್ ಬ್ಯಾರೆ;
ಮಾತು ಬಿಟ್ಟು ನನ್ನ ಬೆರಳು ಹಿಡದು
ಒಳಗಿನ ತಗ್ಗಿನಾಗ ಇಟ್ಲು.
ಅವರಜ್ಜಿ, ಅವರವ್ವ
ಮೆಣಸಿನಕಾಯಿ ಜಜ್ಜಿ ಜಜ್ಜಿ ನುಣ್ಣಗಾದ ತಗ್ಗು.
ಅದು ಸಂತ್ಯಾಗ ಸಿಗೂದಿಲ್ಲ, ಒಪ್ಪಿದೆ.

ಅನ್ನದ ಕುಕ್ಕರಿನ ಪ್ಲಗ್ಗಿಗೆ ಮೂರೂ ಚಪ್ಪಟಿ ಹಲ್ಲು,
ನಮ್ಮ ಗ್ವಾಡಿಗೆ ಮೂರೂ ದುಂಡ ತೂತು.
ವಡಗಾವಿಯಿಂದ ವಾಯರಮನ್ ಪರಸು ಬಂದ,
ಹಲ್ಲು ಕಿತ್ತ, ಬ್ಯಾರೆ ಹಲ್ಲು ಕಟ್ಟಿದ,
"ಈಗ ಕನ್ನಡಾ ಬರತೈತಿ ನೋಡ್ರಿ ಅಕ್ಕೋರ, ಮರಾಠಿನೂ" ಅಂದು
ಅರವತ್ತು ರೂಪಾಯಿ ಇಸಕೊಂಡ.

ಆಮ್ಯಾಲ ಚಾಪಿ ಹಾಸಿದ್ಲು. ಕ್ಯಾದಗಿ ಎಲಿದಂತ.
ಹೂವು ಹೆರಳಾಗ ಮುಡದು ಎಲಿ ಒಗದವರು ನಾವು.
ಎಲಿ ಹೆಣದು ಅದರ ಮ್ಯಾಲ ನಿದ್ದಿ ಮಾಡಿದವರು ಅವರು.

ಕೀಲಿ ಕೊಡೂವಾಗ ಒಂದು ಮಾತು ಹೇಳಿದ್ದೆ:
"ಈ ಮನ್ಯಾಗ ಮೀನ, ಮಾಂಸ ನಡಿಯೂದಿಲ್ಲ."
"ಓಕೆ ಆಂಟಿ" ಅಂದಿದ್ಲು.

ಶ್ರಾವಣದ ಎರಡನೇ ಸೋಮಾರ.
ಇವರು ಪೂಜಿಗೆ ಕುಂತಾರ.
ಪಾವಟಗಿ ಇಳಕೊಂತ ಒಂದು ವಾಸನಿ ಬಂತು.
ಊದಿನಕಡ್ಡಿ ದಾಟಿ, ವಿಭೂತಿ ದಾಟಿ, ಸೀದಾ ಮೂಗಿಗೆ:
ಸಮುದ್ರ ಸತ್ತು ಮೂರು ದಿನ ಆದಂಗ.

ಮಣಕಾಲ ನೋವು ಮರತು ಏರಿದೆ.
ಬಾಗಲಾ ತಗದಽ ಇತ್ತು. ಗ್ಯಾಸ್ ಹಚ್ಚಿರಲಿಲ್ಲ.
ಚಾಪಿ ಮ್ಯಾಲ ಕುಂತಿದ್ಲು, ಮುಂದ ಖಾಲಿ ಖಲಬತ್ತ,
ಕೈಯಾಗ ಏಳು ಪದರ ಪ್ಲಾಸ್ಟಿಕ್ ಬಿಚ್ಚಿದ
ಕರೇ ಸಬಕಾರದಂಥಾ ಒಂದು ತುಂಡು.
ಸೀಗಡಿ ಒಣಗಿಸಿ, ಕುಟ್ಟಿ, ಅವರವ್ವ ಕಟ್ಟಿ ಕಳಿಸಿದ್ದು.
"ಅಡಗಿಗೆ ಹಾಕಿಲ್ಲ ಆಂಟಿ. ಹಾಕೂದೂ ಇಲ್ಲ.
ಬರೇ ತಗದು ಮೂಸತೀನಿ.
ದಿನಾ ಅಲ್ಲ."

ಬೈಯಾಕ ಕೂಡಿಸಿಕೊಂಡಿದ್ದ ಮಾತು
ಪಾವಟಗಿ ಮ್ಯಾಲಽ ಎಲ್ಲೋ ಬಿದ್ದಿರಬೇಕು.
ನಾನೂ ಗುಳೇದಗುಡ್ಡದಿಂದ ಈ ಊರಿಗೆ ಬಂದಾಗ,
ಈ ಓಣಿಯ ಒಂದು ಮಾತೂ ತಿಳಿಯದಾಗ,
ನನ್ನ ಟ್ರಂಕಿನ ತಳದಾಗ...
ಇರಲಿ. ಅದನ್ನ ಇವರಿಗೂ ಹೇಳಿಲ್ಲ.

ಕಿಡಕಿ ತಗದೆ. ಫ್ಯಾನ್ ಹಚ್ಚಿದೆ.
"ಸೋಮಾರ ಬ್ಯಾಡ" ಅಂದೆ.
"ಉಳಿದ ದಿನ ಮಾಳಗಿ ಮ್ಯಾಲ ಹೋಗು,
ಗಾಳಿ ಗೋಕಾಕದ ಕಡೆ ಬೀಸೂವಾಗ."

ಕೆಳಗ ಬಂದ್ರ ಇವರು ಕಣ್ಣು ಮುಚ್ಚಿಕೊಂಡಽ ಕೇಳಿದ್ರು:
"ಏನ ವಾಸನಿ ಅದು?"
"ಗಟಾರ ರೀ. ಕಾರ್ಪೋರೇಶನ್‌ಗೆ ಫೋನ್ ಮಾಡತೀನಿ."
ಲಿಂಗದ ಮುಂದ ಸುಳ್ಳು.
ಮೊದಲನೇದಲ್ಲ ಬಿಡ್ರಿ.

ಈಗ ಸಂಜಿ ಏಳರ ಸುಮಾರಿಗೆ
ನೆತ್ತಿ ಮ್ಯಾಲ ಕುಟ್, ಕುಟ್.
ನಾ ಕೊಟ್ಟ ಗುರೆಳ್ಳು, ನಾಕು ಎಸಳು ಬಳ್ಳೊಳ್ಳಿ,
ಆಕಿ ಅಜ್ಜಿಯ ತಗ್ಗಿನಾಗ.
ಉಪ್ಪು ಹೆಚ್ಚ ಹಾಕತಾಳ. ಹೇಳಿದ್ರ ಕೇಳೂದಿಲ್ಲ.

ಸಪ್ಪಳ ಬರದ ದಿನ
ಪಾವಟಗಿ ಬುಡಕ ನಿಂತು ಒಮ್ಮೆ ಕೂಗತೀನಿ.
ಎಂಥಾ ಹೆಸರು ಇಟ್ಟಾರವಾ ಇದಕ್ಕ!
ಆಕೀನ ಕರದ್ರೂ
ನಾನಽ ಎದ್ದು ನಿಂತು
ಉತ್ತರ ಕೊಟ್ಟಂಗ ಆಗತೈತಿ.